ಫ್ರಿಜ್ಜಿನಲ್ಲಿಟ್ಟ ಮರಳು

ಚಿಕ್ಕಬಳ್ಳಾಪುರ
4 ಫೆಬ್ರವರಿ 2024

ಚಿ|| ರಂಜನಿಗೆ,

ಇಷ್ಟು ಬರೆದು ಪೆನ್ನು ನಿಂತುಬಿಟ್ಟಿತು. ನೀನು ಸೊಸೆಯಾಗಿ ಬಂದ ಒಂಬತ್ತು ವರ್ಷದಲ್ಲಿ ನಿನಗೆ ಏನು ಬರೆದರೂ, ತವರಿಗೆ ಕಳಿಸಿದ ಹಬ್ಬದ ಕಾಗದವಾಗಲಿ, ಹಪ್ಪಳದ ಡಬ್ಬದ ಮೇಲಿನ ಚೀಟಿಯಾಗಲಿ, "ಚಿ|| ಸೌ||" ಎಂದೇ ಶುರು ಮಾಡುತ್ತಿದ್ದೆ. ಸೌಭಾಗ್ಯವತಿ ಎಂದು, ಗಂಡ ಇರುವ ಹೆಣ್ಣುಮಗಳಿಗೆ ಬರೆಯುವ ಮಾತು. ಈಗ ಹಾಗೆ ಬರೆಯುವಂತಿಲ್ಲ. ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಕೂತು ಊರವರ ವಿಳಾಸವನ್ನೆಲ್ಲ ಓದಿದವಳಿಗೆ ಈ ಒಂದು ಅಕ್ಷರ ಬಿಟ್ಟು ಬರೆಯಲು ಅರ್ಧ ಗಂಟೆ ಬೇಕಾಯಿತು.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಮಾಡಿದೆ. ನೀನು ಎತ್ತಲಿಲ್ಲ. ಒಂದು ಸಲ ಎತ್ತಿದೆ, ಆಗ ನಾವಿಬ್ಬರೂ ಅತ್ತದ್ದು ಬಿಟ್ಟರೆ ಬೇರೆ ಮಾತಾಗಲಿಲ್ಲ. ಕಾಗದವಾದರೆ ಅತ್ತು ಮುಗಿಸಿ ಬರೆಯಬಹುದು.

ವಿಷಯಕ್ಕೆ ಬರುತ್ತೇನೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸಂಪು ಕಟ್ಟಿಸಿದಾಗ ಉಳಿದ ಮರಳಿನ ಗುಡ್ಡೆ ಇದೆಯಲ್ಲ, ಅಲ್ಲಿ ಹೋದ ವಾರ ಪುಟ್ಟ ಪುಟ್ಟ ಸಸಿ ಎದ್ದಿವೆ. ಕೊತ್ತಂಬರಿ ಎಂದುಕೊಂಡೆ. ಸಾರಿಗೆ ಹಾಕೋಣ ಎಂದು ಒಂದು ಎಸಳು ಚಿವುಟಿ ಮೂಸಿದರೆ ವಾಸನೆಯೇ ಇಲ್ಲ. ಆಗ ನೆನಪಾಯಿತು, ವಂಶಿ ಹೋದ ಹನ್ನೊಂದನೆಯ ದಿನ ಆ ಡಬ್ಬಿಯನ್ನು ಬೋರಲು ಹಾಕಿದ್ದು ಅಲ್ಲಿಯೇ. ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ.

ಎಸೆದದ್ದು ನಾನೇ. ಬೇರೆ ಯಾರ ಮೇಲೂ ಹಾಕುವುದಿಲ್ಲ. ಸೂತಕ ಕಳೆಯುವ ದಿನ ಮನೆಯಲ್ಲಿದ್ದ ಹಾಲು, ಹಿಟ್ಟು, ಉಪ್ಪಿನಕಾಯಿ ಎಲ್ಲ ಹೊರಗೆ ಹಾಕಬೇಕು ಎಂದರು, ಹಾಕಿದೆ. ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಐಸ್‌ಕ್ರೀಮ್ ಡಬ್ಬಿ. ತೆಗೆದರೆ ಒದ್ದೆ ಮರಳು. ಮರಳನ್ನು ಯಾರಾದರೂ ಫ್ರಿಜ್ಜಿನಲ್ಲಿ ಇಡುತ್ತಾರಾ? ಅದು ವಂಶಿ ಇಟ್ಟದ್ದು ಎಂದು ಗೊತ್ತಿದ್ದರೆ ಡಬ್ಬಿಯ ಸಮೇತ ದೇವರ ಗೂಡಿನಲ್ಲಿಡುತ್ತಿದ್ದೆ.

ಅವನ ಗಿಡದ ನೋಟುಪುಸ್ತಕ ನಿನ್ನ ಹತ್ತಿರ ಇದೆ. ಇವನ್ನು ಏನು ಮಾಡಬೇಕು ಎಂದು ನೋಡಿ ಬರೆ. ನನಗೆ ಅಂಚೆ ಗೊತ್ತು, ಗಿಡ ಗೊತ್ತಿಲ್ಲ.

ಗೋದಮ್ಮ


ಗೌರಿಬಿದನೂರು
19 ಫೆಬ್ರವರಿ 2024

ಅತ್ತೆಯವರಿಗೆ ನಮಸ್ಕಾರ.

ಕಾಗದ ಸೇರಿತು. ಅದು ಕೊತ್ತಂಬರಿಯಲ್ಲ. ಕೀಳಬೇಡಿ, ತಪ್ಪಿ ಬಾಯಿಗೂ ಹಾಕಬೇಡಿ, ಹೊಟ್ಟೆಗೆ ಆಗದು. ಅದು ಕೊಲಂಬೈನ್ ಎಂಬ ಹೂವಿನ ಗಿಡ್ಡ ಜಾತಿ. ತಣ್ಣನೆಯ ದೇಶದ್ದು. ಒಂದು ಚಳಿಗಾಲ ಕಳೆದರೇ ಅದರ ಬೀಜ ಮೊಳೆಯುವುದಂತೆ. ನಮ್ಮಲ್ಲಿ ಅಂಥ ಚಳಿ ಇಲ್ಲದ್ದರಿಂದ ಅವರು ನವೆಂಬರ್ ಐದರಂದು ಬೀಜವನ್ನು ಒದ್ದೆ ಮರಳಿನಲ್ಲಿ ಕಲಸಿ ಫ್ರಿಜ್ಜಿನಲ್ಲಿಟ್ಟಿದ್ದರು. ಡಿಸೆಂಬರ್ ಇಪ್ಪತ್ತಕ್ಕೆ ತೆಗೆಯಬೇಕು ಎಂದು ಬರೆದಿದ್ದಾರೆ. ಆರಕ್ಕೇ ಹೋದರು.

ನೋಟುಪುಸ್ತಕದಲ್ಲಿ ಇರುವುದನ್ನು ಇದ್ದ ಹಾಗೆ ಬರೆಯುತ್ತೇನೆ.

"ಬೀಜದ ಮೇಲೆ ಮಣ್ಣು ಮುಚ್ಚಬಾರದು, ಬೆಳಕು ಬೇಕು. ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನ ನೆರಳು. ಮಣ್ಣು ಹಸಿ ಇರಬೇಕು, ನೀರು ನಿಲ್ಲಬಾರದು. ಒಂದಡಿ ಮೀರಿ ಬೆಳೆಯಲ್ಲ. ಮೊದಲ ವರ್ಷ ಬರೀ ಎಲೆ. ಇನ್ನೊಂದು ಚಳಿಗಾಲ ದಾಟಿದ ಮೇಲೆ ಹೂವು. ಅವಸರದವರಿಗಲ್ಲ ಈ ಗಿಡ."

ಮುಚ್ಚದೆ ಎಸೆದದ್ದೇ ಒಳ್ಳೆಯದಾಯಿತು. ಅದು ಗಿಡದ ಪುಣ್ಯ.

ಇಲ್ಲಿ ಒಂದು ಶಾಲೆಯಲ್ಲಿ ಗಣಿತಕ್ಕೆ ಸೇರಿಕೊಂಡಿದ್ದೇನೆ. ಅಣ್ಣನ ಮನೆಯಲ್ಲೇ ಇದ್ದೇನೆ.

ರಂಜನಿ


ಚಿಕ್ಕಬಳ್ಳಾಪುರ
7 ಏಪ್ರಿಲ್ 2024

ಚಿ|| ರಂಜನಿಗೆ,

ನಿನ್ನ ಕಾಗದದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು "ಅತ್ತೆಯವರಿಗೆ" ಎನ್ನುವುದು. ಒಂಬತ್ತು ವರ್ಷ "ಅಮ್ಮ" ಎಂದವಳು. ಇರಲಿ. ಪಿನ್‌ಕೋಡ್ ಕೂಡ ಹಾಕಿರಲಿಲ್ಲ, ಅದಕ್ಕೆ ಮಾತ್ರ ಬೈಯುತ್ತೇನೆ.

ಈ ಸಲದ ಬಿಸಿಲು ಹೇಳಬಾರದು. ಸಸಿಗಳಲ್ಲಿ ಅರ್ಧಕ್ಕರ್ಧ ಸುಟ್ಟುಹೋದವು. ಮಹಡಿಯ ಮೇಲೆ ಬಾಡಿಗೆಗೆ ಇರುವ ವೇಣು ಶಿಡ್ಲಘಟ್ಟದವನಲ್ಲವೇ, ಅವರ ಮನೆಯ ಅಟ್ಟದಿಂದ ಒಂದು ಹಳೆಯ ಚಂದ್ರಿಕೆ ತಂದುಕೊಟ್ಟ. ರೇಷ್ಮೆ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ. ಅದನ್ನು ಗೋಡೆಗೆ ಒರಗಿಸಿದ್ದೇನೆ. ಬಿದಿರಿನ ಸುತ್ತುಗಳ ನಡುವೆ ಬಿಸಿಲು ಜರಡಿ ಹಿಡಿದಂತೆ ಇಳಿಯುತ್ತದೆ. ಉಳಿದವು ಐದು ತಲೆ ಎತ್ತಿವೆ. ಹಾಲಿನ ಅಶ್ವತ್ಥಮ್ಮ ನೋಡಿ, "ಪೋನೀಲೇ ಗೋದಮ್ಮ, ಹೋಗಿದ್ದು ಹೋಯ್ತು, ಇರೋದನ್ನ ನೋಡ್ಕೋ" ಎಂದಳು. ಅವಳು ಹೇಳಿದ್ದು ಗಿಡಕ್ಕೆ. ನಾನು ಒಳಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡೆ.

ವಂಶಿಗೆ ಈ ಗಿಡ್ಡ ಗಿಡದ ಹುಚ್ಚು ಯಾಕೆ ಹತ್ತಿತು ಎಂದು ಕೇಳಿದ್ದೆ ಒಂದು ಸಲ. ಪೆರೇಸಂದ್ರದ ಹತ್ತಿರ ಅಷ್ಟು ದೊಡ್ಡ ಪಾಲಿಹೌಸು, ಅಷ್ಟು ಗುಲಾಬಿ, ಅದನ್ನು ದಿನವೂ ನೋಡಿಕೊಳ್ಳುವವನಿಗೆ ಇದೊಂದು ಯಾಕೆ? "ಅಲ್ಲಿ ಎರಡಡಿ ಕಾಂಡ ಇಲ್ದಿದ್ರೆ ಹೂವಿಗೆ ಬೆಲೇನೇ ಇಲ್ಲ ಕಣಮ್ಮ. ಉದ್ದ ಬೆಳೆಸೋದು, ಕತ್ತರಿಸೋದು, ಬೆಳೆಸೋದು, ಕತ್ತರಿಸೋದು. ಮನೇಲಾದ್ರೂ ಯಾರೂ ಕತ್ತರಿಸ್ಕೊಂಡು ಹೋಗೋಕಾಗದೆ ಇರೋದೊಂದು ಬೆಳೀಬೇಕು" ಎಂದ. ನೀನೂ ಗಿಡ್ಡ, ನಿನ್ನ ಹೂವೂ ಗಿಡ್ಡ ಎಂದು ನಾನು ಆಡಿಕೊಂಡೆ. ನಕ್ಕ.

ರಂಜನಿ, ಇದನ್ನು ಬರೆಯದೆ ಇರಲಾರೆ. ಅವತ್ತು ಊಟಕ್ಕೆ ಕೂತಾಗ "ಎದೆ ಹಿಡ್ಕೊಂಡಂಗಿದೆ" ಎಂದ. ನೀನು "ಆಸ್ಪತ್ರೆಗೆ ಹೋಗಣ" ಎಂದೆ. ನಾನು "ಗ್ಯಾಸು ಕಣೇ, ಓಂಕಾಳಿನ ಕಷಾಯ ಕುಡಿದ್ರೆ ಇಳಿಯುತ್ತೆ" ಎಂದೆ. ಕುಡಿದ. "ಹೋಯ್ತಮ್ಮ" ಎಂದ. ನಾನು ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ ಪಾಲಿಹೌಸಿನಲ್ಲಿ ಬಿದ್ದ. ಹನ್ನೊಂದನೆಯ ದಿನ ಎಲ್ಲರೆದುರು ನೀನು "ಕಷಾಯ ಕೊಟ್ಟು ಮಲಗಿಸಿದ್ರಿ" ಎಂದೆಯಲ್ಲ, ಅದು ಸುಳ್ಳಲ್ಲ. ಜಗಳ ಶುರುವಾದದ್ದು ಬೀಜದ ಡಬ್ಬಿಯಿಂದ, ಆದರೆ ಅದು ಡಬ್ಬಿಯ ಜಗಳವಲ್ಲ. ನನಗೆ ಗೊತ್ತು, ನಿನಗೂ ಗೊತ್ತು.

ಅವನು ಆ ಪುಸ್ತಕದಲ್ಲಿ ದಿನಾ ಏನಾದರೂ ಬರೆಯುತ್ತಿದ್ದ. ಕೊನೆಯ ಪುಟದಲ್ಲಿ ಏನು ಬರೆದಿದ್ದಾನೆ? ನನ್ನನ್ನು ಬೈದಿದ್ದರೂ ಸರಿ, ಬರೆದು ಕಳಿಸು.

ಗೋದಮ್ಮ


ಗೌರಿಬಿದನೂರು
5 ಮೇ 2024

ಅತ್ತೆಯವರಿಗೆ,

ಕೊನೆಯ ಪುಟದಲ್ಲಿ ವಿಶೇಷ ಏನಿಲ್ಲ. ಡಬ್ಬಿಯ ಮರಳು ಒಣಗಿತ್ತು, ನೀರು ಚಿಮುಕಿಸಿದೆ ಎಂದಿದೆ.

ಬಿಸಿಲು ಕಡಿಮೆಯಾಗುವವರೆಗೆ ಬೇರಿನ ಮೇಲೆ ತರಗೆಲೆ ಹಾಸಿ. ಸಾಯಂಕಾಲ ನೀರು ಹಾಕಿ.

ಒಂದು ಮಾತು. ಆ ಗಿಡಗಳು ಅವರದು. ಅವರದರಲ್ಲಿ ನನಗೂ ಪಾಲಿದೆ. ಮಳೆ ಬಿದ್ದ ಮೇಲೆ ಎರಡು ಗಿಡ ನನಗೆ ಕಳಿಸಿ.

ರಂಜನಿ


ಚಿಕ್ಕಬಳ್ಳಾಪುರ
16 ಜೂನ್ 2024

ಚಿ|| ರಂಜನಿಗೆ,

ಪಾಲು ಎಂದೆ. ಪಾಲು ಕೇಳುವುದಕ್ಕೆ ನಾವೇನು ದಾಯಾದಿಗಳಾ? ಓದಿ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ನಗು ಬಂತು. ಏನಾದರೂ ಒಂದು ಕೇಳಿದೆಯಲ್ಲ ಎಂದು ಆಮೇಲೆ ಸಮಾಧಾನವೂ ಆಯಿತು.

ಮೊನ್ನೆ ಎರಡು ದಿನ ಒಳ್ಳೆ ಮಳೆ. ನೆಲ ಮೆತ್ತಗಾಗಿತ್ತು. ಐದರಲ್ಲಿ ಚೆನ್ನಾಗಿರುವ ಎರಡನ್ನೇ ಆರಿಸಿದೆ. ದೋಸೆ ಸಟ್ಟುಗದಲ್ಲಿ ಸುತ್ತಲೂ ಬಿಡಿಸಿ, ಕೈಯಿಂದ ಮಣ್ಣು ಸಮೇತ ಎತ್ತಿದೆ. ಬೇರು ಮೂಲಂಗಿಯ ಹಾಗೆ ನೆಟ್ಟಗೆ ಕೆಳಗೆ ಹೋಗಿತ್ತು, ಎಷ್ಟು ಅಗೆದರೂ ತುದಿ ಸಿಗಲಿಲ್ಲ. ಕೊನೆಗೆ ಟಕ್ ಎಂದಿತು. ಆದರೂ ಎಲೆ ಹಸಿರಾಗಿಯೇ ಇದೆ, ಹಿಡಿದೀತು.

ನೀರಿನ ಕ್ಯಾನು ಕತ್ತರಿಸಿ ಅದರಲ್ಲಿಟ್ಟು ಬಸ್ಸಿನಲ್ಲಿ ನಿನ್ನ ಅಣ್ಣನ ಅಂಗಡಿಗೆ ಕಳಿಸಿದ್ದೇನೆ. ಈ ಕಾಗದ ಸೇರುವ ಮುಂಚೆ ಗಿಡ ಸೇರಿರುತ್ತದೆ. ಅಂಚೆಯವಳಾಗಿ ಇದನ್ನು ಒಪ್ಪಿಕೊಳ್ಳುವುದು ಕಷ್ಟ.

ಗೋದಮ್ಮ


ಗೌರಿಬಿದನೂರು
2 ಜುಲೈ 2024

ಅತ್ತೆಯವರಿಗೆ,

ಎರಡೂ ಗಿಡ ಸತ್ತವು. ಮೊದಲನೆಯದು ನಾಲ್ಕನೆಯ ದಿನ, ಇನ್ನೊಂದು ವಾರಕ್ಕೆ.

ಮೂರನೆಯ ಎಲೆ ಬಂದ ಮೇಲೆ ಕೀಳಬಾರದು, ಬೇರು ಮುರಿದರೆ ಬದುಕುವುದಿಲ್ಲ ಎಂದು ನೋಟುಪುಸ್ತಕದಲ್ಲಿ ಇದೆ. ಕೆಂಪು ಇಂಕಿನಲ್ಲಿ ಅಡಿಗೆರೆ ಎಳೆದಿದ್ದಾರೆ. ನಿಮ್ಮನ್ನು ಕೇಳುವಾಗ ನನಗೆ ಅದು ಗೊತ್ತಿತ್ತು.

ಯಾಕೆ ಕೇಳಿದೆ ಎಂದು ನನ್ನನ್ನು ಕೇಳಬೇಡಿ.

ರಂಜನಿ


ಚಿಕ್ಕಬಳ್ಳಾಪುರ
3 ನವೆಂಬರ್ 2024

ಚಿ|| ರಂಜನಿಗೆ,

ಕೇಳಲಿಲ್ಲ. ನಾಲ್ಕು ತಿಂಗಳು ಏನೂ ಬರೆಯಲೂ ಇಲ್ಲ. ಬರೆಯಲು ಕೂತರೆ ಬಾಯಿಗೆ ಬರುತ್ತಿದ್ದದ್ದು ಕಾಗದದ ಮೇಲೆ ಬರೆಯುವಂಥದ್ದಲ್ಲ. ಹೋದರೆ ಹೋಗಲಿ, ಎರಡು ಗಿಡ. ನಾನು ಡಬ್ಬಿ ಪೂರ್ತಿ ಎಸೆದವಳು.

ಈಗ ಇರುವುದು ಒಂದೇ. ಇನ್ನೆರಡಕ್ಕೆ ಮಳೆಗಾಲದಲ್ಲಿ ಬುಡ ಕೊಳೆಯಿತು. ಈ ಒಂದಕ್ಕೂ ರಂಗೋಲಿ ಹುಳು ಬಂದಿತ್ತು. ಟೊಮೆಟೊಗೆ ಬರುತ್ತದಲ್ಲ ಅದೇ, ಎಲೆಯೊಳಗೆ ಬಿಳಿ ಗೆರೆ ಎಳೆದುಕೊಂಡು ಹೋಗುತ್ತದೆ. ಗೆರೆ ಬಿದ್ದ ಎಲೆಯನ್ನೆಲ್ಲ ಚಿವುಟಿ ಬೇವಿನ ಸೋಪಿನ ನೀರು ಹೊಡೆದೆ. ಹೊಸ ಎಲೆ ಬಂದಿದೆ. ಇನ್ನೊಂದು ಚಳಿಗಾಲ ಬೇಕು ಎಂದು ನೀನೇ ಬರೆದಿದ್ದೆ. ನಂದಿ ಬೆಟ್ಟದ ಗಾಳಿ ಇಷ್ಟು ದೂರ ಬಂದರೂ ಅಷ್ಟು ಚಳಿ ತರುವುದಿಲ್ಲ. ಅದಕ್ಕೆ ದಿನವೂ ಸಾಯಂಕಾಲ ಫ್ರಿಜ್ಜಿನ ಐಸು ತಂದು ಬುಡದ ಸುತ್ತ ಇಡುತ್ತೇನೆ. ವೇಣು ಮೇಲಿನಿಂದ ನೋಡಿ "ಏನ್ ಆಂಟಿ, ಗಿಡಕ್ಕೆ ಜ್ವರಾನಾ?" ಎಂದ. ಹೌದಪ್ಪ ಎಂದೆ.

ಇದೇ ಇಪ್ಪತ್ನಾಲ್ಕನೇ ತಾರೀಕು, ಭಾನುವಾರ, ವರ್ಷದ ತಿಥಿ. ನೀನು ಬರಬೇಕು. ಬರದಿದ್ದರೆ ಯಾರಿಗೂ ಕಾರಣ ಹೇಳುವುದಿಲ್ಲ, ನಿನ್ನ ಎಲೆ ಮಾತ್ರ ಹಾಕಿರುತ್ತೇನೆ.

ಇನ್ನೊಂದು. ಸಂತೆಯಲ್ಲಿ ನಿಮ್ಮ ಕಡೆಯವರು ಸಿಕ್ಕಿದ್ದರು. ನಿನಗೆ ಚಿಂತಾಮಣಿಯ ಕಡೆಯಿಂದ ಒಂದು ಸಂಬಂಧ ಕೇಳುತ್ತಿದ್ದಾರೆ ಎಂದರು. ನಾನು ಕೇಳಲಿಲ್ಲ, ಅವರೇ ಹೇಳಿದರು. ಹೌದಾ ಎಂದೂ ನಿನ್ನನ್ನು ಕೇಳುತ್ತಿಲ್ಲ. ಕಿವಿಗೆ ಬಿದ್ದದ್ದನ್ನು ಬಿದ್ದಿಲ್ಲ ಎಂದು ನಟಿಸಲು ನನಗೆ ಬರುವುದಿಲ್ಲ, ಅದಕ್ಕೆ ಬರೆದೆ.

ಗೋದಮ್ಮ


ಗೌರಿಬಿದನೂರು
12 ಜನವರಿ 2025

ಅಮ್ಮ,

ಹಾಗೆ ಕರೆಯುವ ಹಕ್ಕು ನನಗೆ ಇನ್ನೂ ಇದೆಯೋ ಇಲ್ಲವೋ, ಕಾಗದ ಪೂರ್ತಿ ಓದಿ ನೀವೇ ಹೇಳಿ.

ತಿಥಿಗೆ ನಾನು ಬಂದಿದ್ದೆ. ಬಸ್‌ಸ್ಟ್ಯಾಂಡಿನಿಂದ ನಮ್ಮ ಬೀದಿಯ ತಿರುವಿನವರೆಗೆ ನಡೆದೆ. ಬಾಗಿಲ ಮುಂದೆ ಚಪ್ಪಲಿಗಳು ಕಾಣಿಸಿದವು. ಅಲ್ಲಿಂದ ಹಿಂದೆ ಬಂದುಬಿಟ್ಟೆ. ಮನೆಗೆ ಬಂದು ಅಣ್ಣನಿಗೆ ಹೇಳಿದರೆ ಅವನು, "ಅತ್ತೆ ಸೊಸೆ ಇಬ್ರೂ ಒಂದೇ ಕಣೇ. ಜೂನ್‌ನಲ್ಲಿ ಅವರೂ ಹಿಂಗೇ ಮಾಡಿದ್ರು. ಗಿಡದ ಕ್ಯಾನನ್ನ ತೊಡೆ ಮೇಲಿಟ್ಕೊಂಡು ತಾವೇ ಬಂದಿದ್ರು. ಮನೆಗೆ ಬನ್ನಿ ಅಂದ್ರೆ ಬರ್ಲಿಲ್ಲ, ಅದೇ ಬಸ್ಸಿಗೆ ಹತ್ತಿ ಹೋದ್ರು. ಹೇಳ್ಬೇಡ ಅಂದಿದ್ರು" ಎಂದ. ನೀವು ಆ ಗಿಡಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಿರಿ. ಸಾಯುತ್ತವೆ ಎಂದು ಗೊತ್ತಿದ್ದೂ ನಾನು ತರಿಸಿಕೊಂಡೆ. ನಿಮ್ಮ ಕೈಯಿಂದಲೇ ಸತ್ತಿತು ಎಂದು ಇನ್ನೊಂದು ಸಲ ಹೇಳುವುದಕ್ಕೆ.

ಈಗ ಕೊನೆಯ ಪುಟದ ವಿಷಯ. ನಾನು ನಿಮಗೆ ಬರೆದದ್ದು ಅರ್ಧ. ಪುಟವನ್ನೇ ಹರಿದು ಇದರ ಜೊತೆ ಇಟ್ಟಿದ್ದೇನೆ. ಆ ಪುಟ ಕಳೆದುಹೋದರೂ ನಾನು ಹೇಳಿದಂತಾಗಲಿ ಎಂದು ಇಲ್ಲಿಯೂ ಬರೆಯುತ್ತೇನೆ.

"5 ಡಿಸೆಂಬರ್. ಕೊಲಂಬೈನ್ ಡಬ್ಬಿ ನೋಡಿದೆ. ಮರಳು ಒಣಗಿತ್ತು, ಎರಡು ಚಮಚ ನೀರು. ಇನ್ನು ಹದಿನೈದು ದಿನ. ಸಾಯಂಕಾಲದಿಂದ ಎದೆ ಭಾರ, ಎಡಗೈ ಜೋಮು. ಅಮ್ಮ ಕಷಾಯ ಕೊಟ್ಟಳು. ಹೋಯ್ತು ಅಂದೆ. ಹೋಗಿಲ್ಲ. ಹಂಗನ್ನದಿದ್ರೆ ಅವಳು ಮಲಗಲ್ಲ. ರಂಜುಗೆ ಇನ್ನೂ ಇದೆ ಅಂದೆ. ಪೇಪರ್ ಮುಗಿಸ್ತೀನಿ, ಬೆಳಿಗ್ಗೆ ಹೋಗಣ ಅಂದ್ಲು. ಬೆಳಿಗ್ಗೆ ಗುಲಾಬಿ ಲೋಡ್ ಇದೆ. ಅದಾದ ಮೇಲೆ ನೋಡಣ."

ನಿಮಗೆ ಹೋಯಿತು ಎಂದರು. ನನಗೆ ನಿಜ ಹೇಳಿದರು. ನಾನು ಪರೀಕ್ಷೆಯ ಪೇಪರ್ ತಿದ್ದುತ್ತಿದ್ದೆ. ತಲೆ ಎತ್ತಿ ಅವರ ಮುಖ ಕೂಡ ನೋಡಲಿಲ್ಲ. ಊಟಕ್ಕೆ ಕೂತಾಗ ಆಸ್ಪತ್ರೆ ಎಂದವಳು ನಾನೇ, ಆದರೆ ಅದಾದ ಮೇಲೆ ಬೆಳಿಗ್ಗೆ ಎಂದವಳೂ ನಾನೇ. ಹನ್ನೊಂದನೆಯ ದಿನ ಡಬ್ಬಿ ಖಾಲಿಯಾದದ್ದು ಕಂಡಾಗ ನಿಮ್ಮ ಮೇಲೆ ಕಿರುಚಿದೆನಲ್ಲ, ಆಗಲೇ ಈ ಪುಟವನ್ನು ಓದಿದ್ದೆ. ಕಿರುಚಿದ್ದೇ ಅದಕ್ಕೆ. ನಿಮ್ಮ ತಪ್ಪು ಎಂದು ಎಲ್ಲರೂ ನಂಬಿದರೆ ನನ್ನನ್ನು ಯಾರೂ ಕೇಳುವುದಿಲ್ಲ ಎನಿಸಿತ್ತು. ಒಂದು ವರ್ಷ ನಿಮ್ಮ ತಲೆಯ ಮೇಲೆ ಇಟ್ಟು ನಾನು ತಿರುಗಿದೆ. ನೀವು ಏಪ್ರಿಲ್‌ನಲ್ಲಿ ಬಾಯಿಬಿಟ್ಟು ಕೇಳಿದಾಗಲೂ ಕೊಡಲಿಲ್ಲ.

ಸಂಬಂಧದ ಮಾತು ನಿಜ. ಅವರ ಹೆಸರು ಅಚ್ಯುತ್. ಚಿಂತಾಮಣಿಯ ಕಾಲೇಜಿನಲ್ಲಿ ಲೈಬ್ರರಿ ನೋಡಿಕೊಳ್ಳುತ್ತಾರೆ. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿದೆ, ತಾಯಿ ಜೊತೆಗಿದ್ದಾರೆ. ಎರಡು ಸಲ ಬಂದು ಮಾತಾಡಿದರು. ಒಳ್ಳೆಯವರು. ಅವರು ಒಳ್ಳೆಯವರಾದದ್ದರಿಂದಲೇ ನನಗೆ ಭಯ. ಈ ಪುಟವನ್ನು ಬಚ್ಚಿಟ್ಟುಕೊಂಡು ಆ ಮನೆಗೆ ಹೋಗಲಾರೆ. ನೀವು ಬೇಡ ಎಂದರೆ ಇಲ್ಲಿಗೇ ನಿಲ್ಲಿಸುತ್ತೇನೆ. ಬೈಯಬೇಕು ಎನಿಸಿದರೆ ಬೈಯಿರಿ. ಆದರೆ ಬರೆಯಿರಿ.

ರಂಜು


ಗೌರಿಬಿದನೂರು
9 ಮಾರ್ಚ್ 2025

ಅಮ್ಮ,

ಉತ್ತರ ಬರಲಿಲ್ಲ. ದಿನವೂ ಶಾಲೆಯಿಂದ ಬಂದ ಕೂಡಲೇ ಅಂಚೆಯವರು ಕಾಗದ ಹಾಕುವ ಕಿಟಕಿಯ ಕೆಳಗೆ ನೋಡುತ್ತೇನೆ. ಅಚ್ಯುತ್ ಅವರಿಗೆ ಇನ್ನೂ ಏನೂ ಹೇಳಿಲ್ಲ.

ಗಿಡ ಇದೆಯಾ? ಅದನ್ನಾದರೂ ತಿಳಿಸಿ.

ರಂಜು


ಚಿಕ್ಕಬಳ್ಳಾಪುರ
13 ಏಪ್ರಿಲ್ 2025

ಚಿ|| ಸೌ|| ರಂಜನಿಗೆ,

ಹೌದು, ಸರಿಯಾಗಿಯೇ ಬರೆದಿದ್ದೇನೆ. ಕನ್ನಡಕ ಹಾಕಿಕೊಂಡೇ ಬರೆದಿದ್ದೇನೆ. ಲಗ್ನಪತ್ರಿಕೆಯಲ್ಲಿ ತಾಳಿ ಕಟ್ಟುವ ಮುಂಚೆಯೇ ಹುಡುಗಿಯ ಹೆಸರಿನ ಹಿಂದೆ ಇದನ್ನು ಅಚ್ಚು ಹಾಕಿಸುತ್ತಾರೆ. ಅವರಿಗಿಂತ ಮೊದಲು ನಾನು ಬರೆಯಬೇಕು ಎನಿಸಿತು.

ಮೂರು ತಿಂಗಳು ಯಾಕೆ ಬರೆಯಲಿಲ್ಲ ಎಂದು ಹೇಳುತ್ತೇನೆ. ನಿನ್ನ ಕಾಗದ ಬಂದ ದಿನ ಅವನ ಅಕ್ಷರ ನೋಡಿದೆ. "ಹಂಗನ್ನದಿದ್ರೆ ಅವಳು ಮಲಗಲ್ಲ." ನನ್ನ ತಪ್ಪಲ್ಲ ಎಂದು ತಿಳಿದು ಹಗುರವಾಗಬೇಕಿತ್ತಲ್ಲ? ಆಗಲಿಲ್ಲ. ಮೊದಲು ಬಂದದ್ದು ಹೊಟ್ಟೆಕಿಚ್ಚು. ಹೆತ್ತವಳಿಗೆ ಸುಳ್ಳು ಹೇಳಿದ, ಹೆಂಡತಿಗೆ ನಿಜ ಹೇಳಿದ. ಆಮೇಲೆ ನಿನ್ನ ಮೇಲೆ ಸಿಟ್ಟು. ಒಂದು ವರ್ಷ ನಾನು ಓಂಕಾಳಿನ ಡಬ್ಬವನ್ನು ಮುಟ್ಟಿರಲಿಲ್ಲ ರಂಜನಿ. ಅಂಗಡಿಯಲ್ಲಿ ಅದರ ವಾಸನೆ ಬಂದರೆ ಬೇರೆ ಅಂಗಡಿಗೆ ಹೋಗುತ್ತಿದ್ದೆ. ಅದೆಲ್ಲ ಒಂದು ಪುಟದಲ್ಲಿ ಮುಗಿಯಬಹುದಿತ್ತು. ಅಷ್ಟು ಸಿಟ್ಟಿನಲ್ಲಿ ಬರೆದರೆ ನಿನ್ನ ಮದುವೆ ಮುರಿಯುತ್ತದೆ ಎಂದು ಕಾಗದವನ್ನೇ ಕೈಗೆತ್ತಿಕೊಳ್ಳಲಿಲ್ಲ.

ಫೆಬ್ರವರಿ ಕೊನೆಯಲ್ಲಿ ಗಿಡ ಮೊಗ್ಗು ಬಿಟ್ಟಿತು. ನೆಲದಿಂದ ಒಂದು ಗೇಣು, ಅಷ್ಟೇ. ಹೂವು ಬಿರಿದರೂ ತಲೆ ಬಗ್ಗಿಸಿಕೊಂಡೇ ಇತ್ತು. ಎಷ್ಟು ಬಗ್ಗಿದರೂ ಮುಖ ಕಾಣಿಸದು, ನನ್ನ ಮಂಡಿಯೂ ಬಗ್ಗದು. ಒಳಗೆ ಹೋಗಿ ಅವನು ಗಡ್ಡ ಮಾಡಿಕೊಳ್ಳುತ್ತಿದ್ದ ಕನ್ನಡಿ ತಂದು ಹೂವಿನ ಕೆಳಗೆ ಹಿಡಿದೆ. ಬೀಜದ ಪೊಟ್ಟಣದ ಪಟದಲ್ಲಿ ನೀಲಿ ಇತ್ತು ಎಂದು ಅವನು ಹೇಳಿದ ನೆನಪು. ಇದು ನೀಲಿಯಲ್ಲ. ಒಗೆದು ಒಗೆದು ಬಣ್ಣ ಬಿಟ್ಟ ಹಳೆಯ ಸೀರೆಯ ನೇರಳೆ. ಹಿಂದೆ ಐದು ಕೊಂಬು, ಒಳಗೆ ಬಿಳಿ. ಆ ಕನ್ನಡಿಯಲ್ಲಿ ಹೂವಿನ ಪಕ್ಕ ನನ್ನ ಮುಖವೂ ಕಂಡಿತು. ಅದನ್ನು ನೋಡಿ ಜೋರಾಗಿ ಅತ್ತೆ. ಅವನು ಹೋದ ಮೇಲೆ ಬಾಯಿಬಿಟ್ಟು ಅತ್ತದ್ದು ಅವತ್ತೇ. ಅಶ್ವತ್ಥಮ್ಮ ಹಾಲಿನ ಕ್ಯಾನು ಕೆಳಗಿಟ್ಟು ಪಕ್ಕದಲ್ಲಿ ಕೂತಳು.

ಹತ್ತು ದಿನ ಇತ್ತು ಹೂವು. ಅಷ್ಟು ದಿನ ಯೋಚಿಸಿದೆ. ಅವನಿಗೆ ನೋವು ಬಂದಾಗ ಯಾರಿಗೆ ನಿಜ ಹೇಳಬೇಕು ಎನಿಸಿತೋ ಅವಳ ಹತ್ತಿರ ಹೇಳಿದ. ಮನೆಯಲ್ಲಿ ಅಂಥವಳೊಬ್ಬಳು ಅವನಿಗೆ ಇದ್ದಳಲ್ಲ, ಅದು ನನಗೆ ಸಮಾಧಾನ. ನೀನು ಬೆಳಿಗ್ಗೆ ಎಂದೆ. ನಾನು ಗ್ಯಾಸು ಎಂದೆ. ಅವನು ಲೋಡ್ ಆದಮೇಲೆ ಎಂದ. ಮೂವರೂ ಅವತ್ತು ನಾಳೆ ಎಂಬುದು ಇದ್ದೇ ಇದೆ ಎಂದುಕೊಂಡಿದ್ದೆವು. ನಿನ್ನ ತಪ್ಪಿಲ್ಲ ಎಂದು ನಾನು ಬರೆದರೆ ನೀನು ನಂಬುವುದಿಲ್ಲ, ನನಗೂ ಅವನ ಪುಟ ನೋಡಿದ ಮೇಲೂ ನನ್ನದಲ್ಲ ಎನಿಸಿಲ್ಲ. ಒಂದು ಕೊಡವನ್ನು ಇಬ್ಬರು ಹಿಡಿದು ಹೊರುವ ಹಾಗೆ ಹೊರೋಣ. ಒಬ್ಬಳೇ ಹೊತ್ತು ನನ್ನ ತೋಳು ಬಿದ್ದುಹೋಗಿದೆ.

ಬಚ್ಚಿಟ್ಟದ್ದಕ್ಕೆ ಮಾತ್ರ ನಿನ್ನನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ. ಸುಳ್ಳು ಯಾಕೆ ಹೇಳಲಿ. ಸಾಯುವುದರೊಳಗೆ ಕ್ಷಮಿಸುತ್ತೇನೆ, ನನಗಿನ್ನೂ ಅರವತ್ತೆರಡು.

ಅಚ್ಯುತ್ ಅವರಿಗೆ ಹೂಂ ಎನ್ನು. ಮದುವೆಗೆ ನಾನು ಬರುವುದಿಲ್ಲ. ಬಂದರೆ ಅಳುತ್ತೇನೆ, ನನ್ನನ್ನು ನೋಡಿ ನೀನು ಅಳುತ್ತೀಯ, ಆ ಪುಣ್ಯಾತ್ಮ ಯಾರ ಕಣ್ಣು ಒರೆಸಬೇಕು? ಅವರ ಮನೆಯ ಪಿನ್‌ಕೋಡ್ ಕಳಿಸು, ಸಾಕು.

ಗಿಡ ಬಾಡುತ್ತಿದೆ. ಚಂದ್ರಿಕೆ ಕಟ್ಟಿದ್ದೇನೆ, ಆದರೂ ಎರಡನೆಯ ಬೇಸಿಗೆ ದಾಟುವ ಹಾಗೆ ಕಾಣುವುದಿಲ್ಲ. ಹೂವು ಉದುರಿದ ಮೇಲೆ ಕಾಯಿ ಕಟ್ಟಿತ್ತು. ಅದು ಒಣಗಿ ಬಾಯಿಬಿಟ್ಟ ದಿನ ಕೆಳಗೆ ಬಟ್ಟೆ ಹಾಸಿ ಬಡಿದೆ. ಸಾಸಿವೆಗಿಂತ ಸಣ್ಣ ಕಪ್ಪು ಬೀಜ, ಹೊಳೆಯುತ್ತವೆ. ಒಂದು ಚಿಟಿಕೆಯಷ್ಟು ಸಿಕ್ಕಿತು. ಅರ್ಧ ನಾನು ಇಟ್ಟುಕೊಂಡೆ, ಅರ್ಧ ಇದರ ಜೊತೆ ಇದೆ. ನೀನು ಕೇಳಿದ ಪಾಲು.

ನವೆಂಬರ್ ಬಂದಾಗ ಒದ್ದೆ ಮರಳಿನಲ್ಲಿ ಕಲಸಿ ಫ್ರಿಜ್ಜಿನಲ್ಲಿಡು. ಡಬ್ಬಿಯ ಮೇಲೆ ದೊಡ್ಡದಾಗಿ ಹೆಸರು ಬರೆ. ಆ ಮನೆಯ ಅತ್ತೆಗೆ ಮೊದಲ ದಿನವೇ ಮುಚ್ಚಳ ತೆಗೆದು ತೋರಿಸಿಬಿಡು, ಇದು ಬರೀ ಮರಳಲ್ಲ, ಎಸೆಯಬೇಡಿ ಎಂದು.

ನಿನ್ನ
ಅಮ್ಮ